ಮಾವನ ಗೊಣಗಾಟವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯಬೇಡಿ

ಪ್ರಶ್ನೆ: ನಮ್ಮ ಮಾವನವರಿಗೆ 72 ವರ್ಷ. ಶಿವಮೊಗ್ಗದಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಅತ್ತೆ ತೀರಿಕೊಂಡ ಮೇಲೆ ಬೆಂಗಳೂರಿಗೆ ಬಂದು ನಮ್ಮ ಜೊತೆ ಇದ್ದಾರೆ. ಬಿಪಿಗೆ, ಶುಗರ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಮೊದಲಿಂದಲೂ ಸ್ವಲ್ಪ ಗೊಣಗುವ ಸ್ವಭಾವವೇ. ಆದರೆ ಒಂದು ವರ್ಷದಿಂದ ವಿಪರೀತವಾಗಿದೆ. ನಮಗೆಲ್ಲ ಫ್ಯಾನ್ ಬೇಕು, ಅವರಿಗೆ ಸ್ವೆಟರ್ ಮೇಲೆ ಶಾಲು. ಕ್ರಿಕೆಟ್ ಹಾಕಿದರೆ "ಇದೊಂದು ಆಟವಾ, ಸರ್ಕಸ್ಸು" ಅನ್ನುತ್ತಾರೆ. ಮಗ ಹಾಡು ಹಾಕಿದರೆ "ಕಿರುಚಾಟ ನಿಲ್ಲಿಸು" ಎಂದು ರೇಗುತ್ತಾರೆ. ಆದರೆ ಟಿವಿ ನ್ಯೂಸನ್ನು ತಾವೇ ಪಕ್ಕದ ಮನೆಗೆ ಕೇಳುವಷ್ಟು ಜೋರಾಗಿ ಇಡುತ್ತಾರೆ. ಓಟಿಪಿ, ಡೆಲಿವರಿ ಹುಡುಗರು, ರಾತ್ರಿ ಎದುರಿಗೆ ಬರುವ ಗಾಡಿಯ ಲೈಟು, ಎಲ್ಲದರ ಮೇಲೂ ಸಿಟ್ಟು. "ವಯಸ್ಸಾಯ್ತಲ್ಲ, ಹಾಗೇ ಇರುತ್ತೆ ಬಿಡು" ಎಂದು ನಮ್ಮ ಯಜಮಾನರು ಸುಮ್ಮನಾಗುತ್ತಾರೆ. ನನಗೆ ಹಾಗೆ ಬಿಡೋಕೆ ಆಗುತ್ತಿಲ್ಲ. ಏನು ಮಾಡಲಿ?

ಉತ್ತರ: ನೀವು ಬಿಡದೆ ಇದ್ದದ್ದೇ ಒಳ್ಳೆಯದಾಯಿತು. ವಯಸ್ಸಾದರೆ ಎಲ್ಲರೂ ಸಿಡುಕರಾಗುತ್ತಾರೆ ಅನ್ನುವುದು ಊರೆಲ್ಲ ನಂಬಿರುವ ಮಾತು. ಆದರೆ ಸಂಶೋಧನೆಗಳು ಹೇಳುವುದು ಬೇರೆ. ವಯಸ್ಸು ಏರಿದ ಹಾಗೆ ಹೆಚ್ಚಿನವರು ಮೊದಲಿಗಿಂತ ಸಮಾಧಾನಿಗಳಾಗುತ್ತಾರೆ. ಸಣ್ಣಪುಟ್ಟದ್ದಕ್ಕೆ ತಲೆ ಕೆಡಿಸಿಕೊಳ್ಳುವುದು ಕಡಿಮೆಯಾಗುತ್ತದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಲಾರಾ ಕಾರ್ಸ್‌ಟೆನ್‌ಸನ್ ದಶಕಗಳಿಂದ ಇದರ ಮೇಲೆಯೇ ಕೆಲಸ ಮಾಡಿದ್ದಾರೆ. ಹಾಗಾಗಿ 70 ದಾಟಿದವರೊಬ್ಬರು ಇದ್ದಕ್ಕಿದ್ದಂತೆ ಜಾಸ್ತಿ ರೇಗತೊಡಗಿದರೆ, ಅದಕ್ಕೊಂದು ಕಾರಣ ಇರಲೇಬೇಕು ಎಂದುಕೊಂಡು ಹುಡುಕಬೇಕು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನ್ನಿಸಿದ್ದು "ಒಂದು ವರ್ಷದಿಂದ" ಅನ್ನುವ ಮಾತು. ಮೂವತ್ತು ವರ್ಷದಿಂದ ಗೊಣಗುತ್ತಾ ಬಂದವರು ಇವತ್ತೂ ಅಷ್ಟೇ ಗೊಣಗಿದರೆ ನಾನು ಚಿಂತೆ ಮಾಡುವುದಿಲ್ಲ. ಅದು ಅವರು ಮಾತಾಡುವ ರೀತಿ. ಆದರೆ ಪ್ರಮಾಣ ಬದಲಾದಾಗ, ವಿಷಯ ಬದಲಾದಾಗ ನಾವು ಕಿವಿಗೊಡಬೇಕು. ಅವರ ಒಂದೊಂದು ದೂರನ್ನೂ ಬೇರೆ ಬೇರೆಯಾಗಿ ನೋಡೋಣ. ಎಲ್ಲವನ್ನೂ ಸೇರಿಸಿ "ಮುಂಗೋಪ" ಎಂದು ಹೆಸರಿಟ್ಟುಬಿಟ್ಟರೆ ಒಳಗೆ ಏನಿದೆ ಅನ್ನುವುದೇ ಗೊತ್ತಾಗುವುದಿಲ್ಲ.

ಮೊದಲು ಚಳಿ. ಬೆಂಗಳೂರಿನಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸು ಇರುತ್ತದೆ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. "ಇದೇನು ಅಂಥಾ ಚಳಿಯಾ?" ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಆದರೆ ಥರ್ಮಾಮೀಟರ್ ಹೇಳುವುದು ಗಾಳಿಯ ಕಥೆ, ಅವರ ಮೈಯ ಕಥೆಯಲ್ಲ. ನಮ್ಮ ಮೈಗೆ ಶಾಖ ಕೊಡುವುದರಲ್ಲಿ ಮಾಂಸಖಂಡದ ಪಾಲು ದೊಡ್ಡದು. ವಯಸ್ಸಾದಂತೆ ಅದು ಕರಗುತ್ತದೆ. ಚರ್ಮದ ಕೆಳಗಿನ ಕೊಬ್ಬಿನ ಪದರ ತೆಳುವಾಗುತ್ತದೆ. ಚಳಿಯಾದಾಗ ಚರ್ಮದ ರಕ್ತನಾಳಗಳು ಬೇಗ ಕುಗ್ಗಿ ಶಾಖವನ್ನು ಒಳಗೇ ಹಿಡಿದಿಡಬೇಕು, ಆ ಚುರುಕುತನವೂ ಕಡಿಮೆಯಾಗುತ್ತದೆ. ನಿಮ್ಮ ಮಗನಿಗೆ ಸೆಖೆ ಆಗುವ ಕೋಣೆಯಲ್ಲಿ ಅವರಿಗೆ ನಿಜವಾಗಿಯೂ ಚಳಿಯಾಗುತ್ತದೆ. ಅವರು ನಾಟಕ ಮಾಡುತ್ತಿಲ್ಲ.

ಇದು ಎಲ್ಲ ಹಿರಿಯರಿಗೂ ಅನ್ವಯಿಸುವ ಮಾತಾಯಿತು. ನಿಮ್ಮ ಮಾವನವರ ವಿಷಯದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ಶಿವಮೊಗ್ಗದ ಚಳಿಗಾಲದ ಬೆಳಗಿನ ಜಾವವೇನೂ ಬೆಂಗಳೂರಿಗಿಂತ ಬೆಚ್ಚಗಿರುವುದಿಲ್ಲ. ಅಲ್ಲಿ ಅಷ್ಟು ವರ್ಷ ಇದ್ದವರಿಗೆ ಇಲ್ಲಿ ಈಗ ತಡೆಯಲಾಗುತ್ತಿಲ್ಲ ಅಂದರೆ ರಕ್ತ ಪರೀಕ್ಷೆ ಮಾಡಿಸಲೇಬೇಕು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಮೊದಲು ಕಾಣುವ ಲಕ್ಷಣಗಳಲ್ಲಿ ಚಳಿ ತಡೆಯಲಾಗದಿರುವುದೂ ಒಂದು. ಜೊತೆಗೆ ಮಲಬದ್ಧತೆ, ಒಣ ಚರ್ಮ, ಆಯಾಸ, ಮಂಕು ಮತ್ತು ಬೇಸರ. ಟಿಎಸ್‌ಎಚ್ ಎಂಬ ಒಂದು ಪರೀಕ್ಷೆ ಸಾಕು, ಗೊತ್ತಾಗಿಬಿಡುತ್ತದೆ. ಹಿಮೋಗ್ಲೋಬಿನ್ ಕೂಡ ನೋಡಿಸಿ. ಗಂಡಸರಲ್ಲಿ 13ಕ್ಕಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಮೂರನೆಯದು ವಿಟಮಿನ್ ಬಿ12. ಸಸ್ಯಾಹಾರಿಗಳಲ್ಲಿ ಇದರ ಕೊರತೆ ಸಾಮಾನ್ಯ. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲೂ ಇದು ಇಳಿಯುತ್ತದೆ. ಬಿ12 ಕಡಿಮೆಯಾದರೆ ಕೈಕಾಲು ಜುಮುಗುಡುತ್ತದೆ, ಮರೆವು ಬರುತ್ತದೆ, ಮತ್ತೆ ಸಿಡುಕೂ ಬರುತ್ತದೆ.

ಬಿಪಿ ಮಾತ್ರೆಯ ಹೆಸರನ್ನೂ ಒಮ್ಮೆ ನೋಡಿ. ಅಟೆನೊಲಾಲ್, ಮೆಟೊಪ್ರೊಲಾಲ್, ಪ್ರೊಪ್ರನೊಲಾಲ್ ಥರ "ಲಾಲ್" ಎಂದು ಕೊನೆಯಾಗುವ ಮಾತ್ರೆಗಳು ಕೆಲವರಲ್ಲಿ ಕೈಕಾಲನ್ನು ತಣ್ಣಗೆ ಮಾಡುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ. ಅವುಗಳನ್ನು ಥಟ್ಟನೆ ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಡಾಕ್ಟರಿಗೆ ಹೇಳಿದರೆ ಅವರು ಬೇರೆ ಮಾತ್ರೆ ನೋಡುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲಿ ಏನು ಮಾಡಬಹುದು? ಒಂದೇ ದಪ್ಪ ಸ್ವೆಟರ್‌ಗಿಂತ ತೆಳುವಾದ ಎರಡು ಮೂರು ಪದರ ಬಟ್ಟೆ ಮೇಲು. ಕಾಲಿಗೆ ಸಾಕ್ಸ್ ಇರಲಿ, ಟೈಲ್ಸ್ ನೆಲದ ಮೇಲೆ ಜಾರದಂಥದ್ದು. ವಾಕಿಂಗ್ ಬಿಸಿಲು ಬಂದ ಮೇಲೆ ಹೋಗಲಿ. ಚಳಿಯಲ್ಲಿ ರಕ್ತದೊತ್ತಡ ಏರುತ್ತದೆ, ಹೃದಯಾಘಾತಗಳೂ ಚಳಿಗಾಲದಲ್ಲೇ ಜಾಸ್ತಿ. ಎರಡು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಶುಗರ್ ಇರುವವರ ಪಾದಕ್ಕೆ ಬಿಸಿನೀರಿನ ಬ್ಯಾಗ್ ಇಡಬೇಡಿ. ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟದ್ದೂ ತಿಳಿಯುವುದಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಬೆಂಕಿ ಹಾಕಿಕೊಳ್ಳುವುದು, ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಉರಿಸುವುದು ಎರಡೂ ಬೇಡ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ. ಪ್ರತಿ ಚಳಿಗಾಲದಲ್ಲೂ ಇದರಿಂದ ಸಾವುಗಳಾಗುತ್ತವೆ.

ಇನ್ನು ಹಾಡಿನ ಗಲಾಟೆಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ಅತ್ಯಂತ ದೊಡ್ಡ ಸುಳಿವು ಇರುವುದು ಇಲ್ಲೇ. ಮೊಮ್ಮಗನ ಹಾಡು ಕಿರುಚಾಟ, ಆದರೆ ನ್ಯೂಸ್ ಮಾತ್ರ ಜೋರಾಗಿ ಬೇಕು. ಇದು ಹಟ ಅಥವಾ ಪಕ್ಷಪಾತ ಎಂದು ನಿಮಗೆ ಅನ್ನಿಸಿರಬಹುದು. ಓದಿದ ಕೂಡಲೇ ನನಗೆ ಅನ್ನಿಸಿದ್ದು, ಇವರ ಕಿವಿ ಪರೀಕ್ಷೆ ಆಗಿದೆಯೋ ಇಲ್ಲವೋ ಎಂದು.

ಒಳಕಿವಿಯಲ್ಲಿ ಕೂದಲಿನ ಹಾಗಿರುವ ಸೂಕ್ಷ್ಮ ಕೋಶಗಳಿವೆ. ಒಂದೊಂದು ಕಿವಿಗೆ ಸುಮಾರು 15,000. ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನ ಜೊತೆ ಮೊದಲು ಹೋಗುವುದು ಕೀಚಲು ದನಿಯನ್ನು ಹಿಡಿಯುವ ಕೋಶಗಳು. ನಮ್ಮ ಮಾತಿನಲ್ಲಿ ಅ, ಆ, ಓ ಥರದ ಸ್ವರಗಳು ತಗ್ಗಿನ ದನಿಯವು. ಸ, ಶ, ಚ, ತ ಇವೆಲ್ಲ ಕೀಚಲು ದನಿಯವು. ಆದ್ದರಿಂದ ಅವರಿಗೆ ಮಾತು ಕೇಳಿಸುತ್ತದೆ, ಆದರೆ ಬಿಡಿಸಿ ತಿಳಿಯುವುದಿಲ್ಲ. ಮನೆಯ ಇನ್ನೊಬ್ಬರು ತಟ್ಟೆ ಮುಂದೆ "ಸಾಕು" ಅಂದರೆ ಅವರಿಗೆ "ಹಾಕು" ಎಂದು ಕೇಳಿಸಬಹುದು. "ಕೇಳಿಸ್ತಿದೆ, ಆದರೆ ಎಲ್ಲರೂ ಬಾಯೊಳಗೇ ಗೊಣಗ್ತಾರೆ" ಎಂದು ಹಿರಿಯರು ಹೇಳುವುದನ್ನು ನೀವು ಕೇಳಿರಬಹುದು. ಅವರ ಅನುಭವ ಇರುವುದೇ ಹಾಗೆ.

ಇನ್ನೊಂದು ವಿಚಿತ್ರವೂ ಇದೆ. ಇಂಥ ಕಿವಿಗೆ ಮೆಲ್ಲಗಿನ ಸದ್ದು ಕೇಳಿಸುವುದೇ ಇಲ್ಲ. ಸದ್ದು ಸ್ವಲ್ಪ ಏರಿದರೆ ಒಮ್ಮೆಲೇ ತಡೆಯಲಾರದಷ್ಟು ಜೋರಾಗಿ ಬಡಿಯುತ್ತದೆ. ಕೇಳಿಸದಿರುವುದಕ್ಕೂ ಹಿಂಸೆಯಾಗುವುದಕ್ಕೂ ನಡುವಿನ ಜಾಗವೇ ಕಿರಿದಾಗಿರುತ್ತದೆ. ಅದಕ್ಕೇ "ಸ್ವಲ್ಪ ಜೋರಾಗಿ ಹೇಳು" ಅಂದವರೇ ಮರುಕ್ಷಣ "ಯಾಕೆ ಕಿರುಚ್ತೀಯ?" ಅನ್ನುತ್ತಾರೆ. ಈಗಿನ ಹಾಡುಗಳಲ್ಲಿ ತಗ್ಗಿನ ಡ್ರಮ್ಮು, ಬೇಸ್ ಜೋರು. ಅವರ ಕಿವಿಗೆ ಅದು ಪೂರ್ತಿ ತಲುಪುತ್ತದೆ. ಸಾಹಿತ್ಯ ಮಾತ್ರ ತಲುಪುವುದಿಲ್ಲ. ಪದಗಳಿಲ್ಲದ ಬಡಿತವನ್ನು ಯಾರಾದರೂ ಎಷ್ಟು ಹೊತ್ತು ಕೇಳಬಹುದು? ಕಿರುಚಾಟ ಎಂದು ಅವರು ಹೇಳುವುದು ಅವರ ಮಟ್ಟಿಗೆ ನಿಜ.

ಹಾಡಿನ ರುಚಿಯ ಪ್ರಶ್ನೆಯೂ ಇದೆ, ಇಲ್ಲ ಅನ್ನುವುದಿಲ್ಲ. ಹತ್ತರಿಂದ ಮೂವತ್ತರ ವಯಸ್ಸಿನ ನಡುವೆ ಕೇಳಿದ ಹಾಡು ಎಲ್ಲರ ಮನಸ್ಸಿನಲ್ಲೂ ಗಟ್ಟಿಯಾಗಿ ಉಳಿಯುತ್ತದೆ. ಅವರ ಆ ವಯಸ್ಸಿಗೆ ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ರೇಡಿಯೋದಲ್ಲಿ ಹಾಡುತ್ತಿದ್ದರು. ಆ ಹಾಡುಗಳಲ್ಲಿ ಹಾಡುವವರ ದನಿ ಮುಂದೆ, ವಾದ್ಯ ಹಿಂದೆ. ಮಂದಗಿವಿಗೂ ಅವು ಸುಲಭ. ಮೊಮ್ಮಗ ಹೆಡ್‌ಫೋನ್ ಹಾಕಿಕೊಳ್ಳಲಿ. ಸಂಜೆ ಸ್ವಲ್ಪ ಹೊತ್ತು ಟಿವಿ ಆರಿಸಿ, ತಾತನ ಆಯ್ಕೆಯ ಹಾಡು ಹಾಕಿ ಜೊತೆಗೆ ಕೂತುಕೊಳ್ಳಿ.

ಕಿವಿ ತಜ್ಞರ ಹತ್ತಿರ ಹೋದರೆ ಮೊದಲು ಗುಗ್ಗೆ ಇದೆಯೇ ನೋಡುತ್ತಾರೆ. ಎಷ್ಟೋ ಸಲ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಆಮೇಲೆ ಆಡಿಯೋಗ್ರಾಂ, ಅಂದರೆ ಕಿವಿಗೆ ಎಷ್ಟು ಕೇಳಿಸುತ್ತದೆ ಎಂದು ಅಳೆಯುವುದು. ನೋವಿಲ್ಲದ ಪರೀಕ್ಷೆ. ಮೈಸೂರಿನಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ, ಇದಕ್ಕೇ ಮೀಸಲಾದ ಕೇಂದ್ರ ಸರ್ಕಾರದ ಸಂಸ್ಥೆ. ಹಿಯರಿಂಗ್ ಏಡ್ ಬೇಕೆಂದರೆ ಹಾಕಿಸಿ, ನಾಚಿಕೆ ಪಡುವಂಥದ್ದಲ್ಲ. ಒಂದು ಎಚ್ಚರಿಕೆ: ಮೊದಲ ದಿನ ತಟ್ಟೆಯ ಸದ್ದು, ನಲ್ಲಿಯ ಸದ್ದು ಎಲ್ಲ ಜೋರಾಗಿ ಕೇಳಿ ಅವರಿಗೆ ಸಿಟ್ಟೇ ಬರುತ್ತದೆ. ಮೆದುಳು ಹೊಂದಿಕೊಳ್ಳಲು ಕೆಲವು ವಾರ ಬೇಕು. ಮೊದಲು ನಿಶ್ಶಬ್ದವಾದ ಕೋಣೆಯಲ್ಲಿ, ಒಬ್ಬರ ಜೊತೆ ಮಾತಾಡುವಾಗ ಹಾಕಿಕೊಳ್ಳಲಿ. ಎಷ್ಟೋ ಮನೆಗಳಲ್ಲಿ ದುಬಾರಿ ಯಂತ್ರ ತಂದು, ಹದಿನೈದು ದಿನ ನೋಡಿ, ಬೀರುವಿಗೆ ಸೇರಿಸಿಬಿಡುತ್ತಾರೆ. ಯಂತ್ರ ಸರಿ ಇರುತ್ತದೆ, ಅಭ್ಯಾಸ ಮಾಡಿಸುವವರು ಇರುವುದಿಲ್ಲ. ಕಿವಿಯ ವಿಷಯಕ್ಕೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಇನ್ನೊಂದು ಕಾರಣವೂ ಇದೆ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಡಿಮೆನ್ಷಿಯಾ (ಮರೆವಿನ ಕಾಯಿಲೆ) ತಡೆಯಲು ನಾವು ಗಮನ ಕೊಡಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಕಿವುಡುತನವೂ ಇದೆ. ಕಿವಿ ಕೇಳಿಸದಿದ್ದರೆ ಮರೆವು ಬಂದೇ ಬರುತ್ತದೆ ಎಂದು ಇದರ ಅರ್ಥವಲ್ಲ. ಆದರೆ ಕೇಳಿಸದವರು ಮಾತು ಬಿಡುತ್ತಾರೆ, ಜನರಿಂದ ದೂರ ಸರಿಯುತ್ತಾರೆ. ಆ ದೂರ ಒಳ್ಳೆಯದಲ್ಲ.

ಈಗಿನಿಂದಲೇ ಮಾಡಬಹುದಾದದ್ದು: ಇನ್ನೊಂದು ಕೋಣೆಯಿಂದ ಕೂಗಿ ಮಾತಾಡಿಸಬೇಡಿ. ಎದುರಿಗೆ ಬಂದು, ಮುಖ ಕಾಣುವಂತೆ, ನಿಧಾನವಾಗಿ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿ. ಕೂಗಿದರೆ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ.

ಬೀದಿಯ ಮೈಕಿನ ಮೇಲೂ ಅವರಿಗೆ ಸಿಟ್ಟು ಇದ್ದರೆ, ಕಾನೂನು ಅವರ ಕಡೆಗೇ ಇದೆ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನ ವಾಸಿಸುವ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬೀದಿಯಲ್ಲಿ ಮೈಕ್ ಹಾಕುವಂತಿಲ್ಲ. ಹಬ್ಬಗಳಿಗೆಂದು ವರ್ಷಕ್ಕೆ 15 ದಿನ ಮೀರದಂತೆ, ಮಧ್ಯರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು, ಅಷ್ಟೇ. 112ಕ್ಕೆ ಕರೆ ಮಾಡುವುದು ಗೊಣಗಾಟವಲ್ಲ, ಹಕ್ಕು.

ಕ್ರಿಕೆಟ್ ಬಗ್ಗೆ ನಾನು ಸ್ವಲ್ಪ ಅವರ ಪಕ್ಷವೇ. ಲೆಕ್ಕ ಹಾಕಿ ನೋಡಿ. ಕರ್ನಾಟಕ ಮೊದಲ ಸಲ ರಣಜಿ ಟ್ರೋಫಿ ಗೆದ್ದ 1973-74ರ ಋತುವಿನಲ್ಲಿ ಅವರು ಇಪ್ಪತ್ತರ ಆಸುಪಾಸಿನ ಹುಡುಗ. ಸತತ 15 ವರ್ಷ ಟ್ರೋಫಿ ಬಿಟ್ಟುಕೊಡದ ಬಾಂಬೆ ತಂಡವನ್ನು ಪ್ರಸನ್ನ ನಾಯಕತ್ವದ ನಮ್ಮ ತಂಡ ಸೆಮಿಫೈನಲ್‌ನಲ್ಲಿ ತಡೆದು ನಿಲ್ಲಿಸಿತ್ತು. ವಿಶ್ವನಾಥ್, ಚಂದ್ರಶೇಖರ್ ಆಡುತ್ತಿದ್ದ ಕಾಲ. ಟ್ರಾನ್ಸಿಸ್ಟರ್ ಸುತ್ತ ಗೆಳೆಯರೆಲ್ಲ ಕೂತು ಕೇಳುತ್ತಿದ್ದ ಆಟ ಅದು. ಇವತ್ತು ಆ ಗೆಳೆಯರು ಜೊತೆಗಿಲ್ಲ. ಕೆಲವರು ಶಿವಮೊಗ್ಗದಲ್ಲಿ, ಕೆಲವರು ಇಲ್ಲವೇ ಇಲ್ಲ. "ಇದೊಂದು ಆಟವಾ" ಅನ್ನುವ ಮಾತಿನಲ್ಲಿ ಆ ಕೊರತೆ ಎಷ್ಟಿದೆ ಎಂದು ಕೇಳಿ ನೋಡಿ. "ಮಾವ, ನೀವು ನೋಡಿದ್ದರಲ್ಲಿ ಒಳ್ಳೆ ಬೌಲರ್ ಯಾರು?" ಎಂದು ಕೇಳಿದರೆ ಸಾಕು. ಮೊಮ್ಮಗ ಕೇಳಿದರೆ ಇನ್ನೂ ಒಳ್ಳೆಯದು. ಊರಿನ ಗೆಳೆಯರಿಗೆ ವಾರಕ್ಕೊಮ್ಮೆ ವಿಡಿಯೋ ಕಾಲ್ ಹಚ್ಚಿಕೊಡಿ.

ನಿದ್ದೆಯನ್ನೂ ಇಲ್ಲಿ ಮರೆಯಬಾರದು. ಐಪಿಎಲ್ ಮ್ಯಾಚ್ ರಾತ್ರಿ ಏಳೂವರೆಗೆ ಶುರುವಾಗಿ ಹನ್ನೊಂದು ದಾಟುತ್ತದೆ. ಹಿರಿಯರ ದೇಹದ ಗಡಿಯಾರ ಮುಂದಕ್ಕೆ ಸರಿದಿರುತ್ತದೆ. ಒಂಬತ್ತಕ್ಕೆ ಕಣ್ಣು ಎಳೆಯುತ್ತದೆ, ನಾಲ್ಕಕ್ಕೆ ಎಚ್ಚರ. ಗಾಢ ನಿದ್ದೆಯೂ ಕಡಿಮೆ. ಅದರ ಜೊತೆಗೆ ಪ್ರಾಸ್ಟೇಟ್ ತೊಂದರೆಯಿಂದ ರಾತ್ರಿ ಮೂರು ನಾಲ್ಕು ಸಲ ಏಳುವುದಿದ್ದರೆ ಹಗಲಿಗೆ ಸಿಡುಕು ಬಾರದೆ ಇನ್ನೇನು ಬರುತ್ತದೆ? ರಾತ್ರಿ ಎಷ್ಟು ಸಲ ಏಳುತ್ತಾರೆ ಎಂದು ನಿಮ್ಮ ಯಜಮಾನರು ಕೇಳಲಿ. ಸೊಸೆಗೆ ಹೇಳಲು ಅವರಿಗೆ ಸಂಕೋಚ ಆಗಬಹುದು.

ಗಾಡಿಯ ಲೈಟಿನ ದೂರು ಕಣ್ಣಿನ ಡಾಕ್ಟರಿಗೆ ಸೇರಿದ್ದು. 60ರ ವಯಸ್ಸಿನ ಕಣ್ಣಿನ ಹಿಂಪರದೆಗೆ ತಲುಪುವ ಬೆಳಕು 20ರ ವಯಸ್ಸಿನವರ ಮೂರನೇ ಒಂದು ಭಾಗ. ಕತ್ತಲಲ್ಲಿ ಕಾಣುವುದು ಕಡಿಮೆ. ಅದೇ ಹೊತ್ತಿಗೆ ಮಬ್ಬಾದ ಮಸೂರ ಬೆಳಕನ್ನು ಚದುರಿಸುವುದರಿಂದ ಎಲ್‌ಇಡಿ ಲೈಟು ಕಣ್ಣು ಕುಕ್ಕುತ್ತದೆ. ಪೊರೆ ಬಂದಿದೆಯೇ ನೋಡಿಸಿ. ಶುಗರ್ ಇರುವುದರಿಂದ ವರ್ಷಕ್ಕೊಮ್ಮೆ ಹೇಗೂ ಕಣ್ಣಿನ ಪರೀಕ್ಷೆ ಬೇಕು.

ಓಟಿಪಿ ವಿಷಯ ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಊರಿನವರ ಅರ್ಜಿಗಳನ್ನೆಲ್ಲ ತುಂಬಿಕೊಟ್ಟ ಮೇಷ್ಟ್ರು ಇವತ್ತು ತಮ್ಮದೇ ಪೆನ್ಷನ್ ಹಣಕ್ಕೆ ಫೋನ್ ಹಿಡಿದು ಮೊಮ್ಮಗನ ಮುಂದೆ ನಿಲ್ಲಬೇಕು. ಅಕ್ಷರ ಸಣ್ಣದು, ಸಮಯ ಕಡಿಮೆ, ಮೋಸ ಹೋಗುವ ಭಯ ಬೇರೆ. ಪೆನ್ಷನ್‌ಗೆಂದು ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಬೆರಳು ಒತ್ತಿದರೆ ಗೆರೆ ಸವೆದು ಯಂತ್ರ ಒಪ್ಪುವುದಿಲ್ಲ. ಮುಖ ತೋರಿಸಿ ಮಾಡುವ ವ್ಯವಸ್ಥೆ ಈಗ ಬಂದಿದೆ, ಅದನ್ನು ಬಳಸಿ. ಅವರ ಕೈಯಿಂದ ಫೋನ್ ಕಿತ್ತುಕೊಂಡು "ಕೊಡಿ, ನಾನೇ ಮಾಡ್ತೀನಿ" ಅನ್ನಬೇಡಿ. ಅಕ್ಷರ ದೊಡ್ಡದು ಮಾಡಿಕೊಡಿ. ಮಾಡುವ ಕ್ರಮವನ್ನು ಕನ್ನಡದಲ್ಲಿ ಒಂದು ಹಾಳೆಯಲ್ಲಿ ಬರೆದಿಡಿ. ಬ್ಯಾಂಕಿಗೇ ಹೋಗುತ್ತೇನೆ ಅಂದರೆ ಕರೆದುಕೊಂಡು ಹೋಗಿ. 70 ದಾಟಿದವರಿಗೆ ಮನೆ ಬಾಗಿಲಲ್ಲೇ ಮೂಲ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಿಮ್ಮ ಶಾಖೆಯಲ್ಲಿ ಕೇಳಿ. ಹಣ ಮೋಸ ಆಯಿತು ಅನ್ನಿಸಿದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ.

ಡೆಲಿವರಿ ಹುಡುಗರ ವಿಷಯದಲ್ಲಿ ಮಾತ್ರ ಅವರಿಗೆ ವಿನಾಯಿತಿ ಕೊಡಬೇಡಿ. ಕಾಯಿಲೆ ಇದ್ದರೂ, ದುಃಖ ಇದ್ದರೂ ಬಿಸಿಲು ಮಳೆಯಲ್ಲಿ ದುಡಿಯುವವರಿಗೆ ಬೈಯುವುದು ಸರಿಯಲ್ಲ. "ನಿಮ್ಮ ಸಿಟ್ಟು ಗೊತ್ತಾಗುತ್ತೆ ಮಾವ, ಆ ಹುಡುಗನ ಮೇಲೆ ಬೇಡ" ಎಂದು ಗೌರವದಿಂದಲೇ, ಆದರೆ ನೇರವಾಗಿ ಹೇಳಬಹುದು. ಮೇಷ್ಟ್ರಾಗಿದ್ದವರಿಗೆ ಆ ಮಾತು ತಾಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಮನಸ್ಸಿನ ಪ್ರಶ್ನೆ ಉಳಿಯುತ್ತದೆ. ಹೆಂಡತಿ ಹೋದರು, ಊರು ಬಿಟ್ಟರು, ಗೆಳೆಯರೂ ದೂರವಾದರು. ಹಿರಿಯರಲ್ಲಿ, ಅದರಲ್ಲೂ ಗಂಡಸರಲ್ಲಿ, ಖಿನ್ನತೆ ಅಳುವಾಗಿ ಕಾಣುವುದು ಕಡಿಮೆ. ಸಿಟ್ಟಾಗಿ, ಮೈಕೈ ನೋವಾಗಿ, "ಯಾವುದೂ ಸರಿಯಿಲ್ಲ" ಅನ್ನುವ ಮಾತಾಗಿ ಕಾಣುತ್ತದೆ. ಮೊದಲು ಇಷ್ಟಪಡುತ್ತಿದ್ದ ಕೆಲಸಗಳನ್ನು ಬಿಟ್ಟಿದ್ದಾರಾ? ಪೇಪರ್ ಓದುವುದು, ಪೂಜೆ, ಸಂಜೆಯ ಸುತ್ತಾಟ? ಊಟ ಕಡಿಮೆಯಾಗಿ ತೂಕ ಇಳಿದಿದೆಯಾ? "ಇನ್ನೇನಿದೆ, ಹೋದರೆ ಸಾಕು" ಅನ್ನುತ್ತಾರಾ? ಅಂದರೆ ತೇಲಿಸಬೇಡಿ. ಸಾಯುವ ಯೋಚನೆ ಬರುತ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಹಿರಿಯರಿಗೆಂದೇ 15 ಪ್ರಶ್ನೆಗಳ ಒಂದು ಸರಳ ಪರೀಕ್ಷೆ ಇದೆ, ಹೌದು ಇಲ್ಲ ಎಂದು ಉತ್ತರಿಸಿದರೆ ಸಾಕು. ವೈದ್ಯರು ಮಾಡಿಸುತ್ತಾರೆ. ಮಾನಸಿಕ ಆರೋಗ್ಯದ ಟೆಲಿಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ದಿನದ ಯಾವ ಹೊತ್ತಿಗಾದರೂ. ಹಿರಿಯರ ಸಹಾಯವಾಣಿ 14567. ಖಿನ್ನತೆ ಈ ವಯಸ್ಸಿನಲ್ಲೂ ವಾಸಿಯಾಗುತ್ತದೆ.

ಇನ್ನು ತುರ್ತಿನ ಮಾತು. ಸ್ವಭಾವ ಒಂದೆರಡು ದಿನದಲ್ಲಿ ಬದಲಾಗಿ, ಮಾತು ತೊದಲಿ, ಹಗಲು ರಾತ್ರಿ ಗೊತ್ತಾಗದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ರಕ್ತದಲ್ಲಿ ಸೋಡಿಯಂ ಇಳಿದಿರಬಹುದು. ಕೆಲವು ಬಿಪಿ ಮಾತ್ರೆಗಳಲ್ಲಿ ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತದೆ, ಅದರಿಂದ ಹೀಗಾಗುತ್ತದೆ. ಮೂತ್ರದ ಸೋಂಕು ಇರಬಹುದು. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಕೆಲವು ವಾರದ ನಂತರವೂ ಮೆದುಳಿನ ಸುತ್ತ ರಕ್ತ ಸೇರಿಕೊಂಡಿರಬಹುದು. ಸಿಟ್ಟು ಊಟಕ್ಕೆ ಸ್ವಲ್ಪ ಮುಂಚೆಯೇ ಬರುತ್ತಿದ್ದು, ಬೆವರು, ನಡುಕ ಜೊತೆಗಿದ್ದರೆ ಆಗಲೇ ಗ್ಲುಕೋಮೀಟರ್‌ನಲ್ಲಿ ಶುಗರ್ ನೋಡಿ. ಗ್ಲಿಮಿಪಿರೈಡ್ ಥರದ ಮಾತ್ರೆಯಿಂದ ಶುಗರ್ ಇಳಿದರೂ ಮನುಷ್ಯ ರೇಗುತ್ತಾನೆ. 70ಕ್ಕಿಂತ ಕಡಿಮೆ ಇದ್ದರೆ ತಕ್ಷಣ ಸಕ್ಕರೆ ಕದಡಿದ ನೀರು ಕೊಡಿ, ಆಮೇಲೆ ಡಾಕ್ಟರಿಗೆ ತಿಳಿಸಿ.

ಡಾಕ್ಟರ ಹತ್ತಿರ ಹೋಗುವ ಮುಂಚೆ ಒಂದು ವಾರ ಬರೆದಿಡಿ: ಎಷ್ಟು ಹೊತ್ತಿಗೆ ರೇಗಿದರು, ಅದಕ್ಕೆ ಮುಂಚೆ ಊಟ ಆಗಿತ್ತಾ, ನಿದ್ದೆ ಹೇಗಿತ್ತು, ಸುತ್ತ ಗಲಾಟೆ ಇತ್ತಾ. ಎಲ್ಲ ಮಾತ್ರೆಗಳ ಚೀಟಿಯನ್ನೂ ಒಯ್ಯಿರಿ. ಟಿಎಸ್‌ಎಚ್, ಹಿಮೋಗ್ಲೋಬಿನ್, ಬಿ12, ಸೋಡಿಯಂ, ಆಡಿಯೋಗ್ರಾಂ, ಕಣ್ಣಿನ ಪರೀಕ್ಷೆ, ಇಷ್ಟನ್ನು ಕೇಳಿ ಮಾಡಿಸಿ. ಕರೆದುಕೊಂಡು ಹೋಗುವುದು ನಿಮ್ಮ ಯಜಮಾನರ ಕೆಲಸ. ಗಮನಿಸಿದ್ದು ನೀವು, ಬರೆದು ಕೇಳಿದ್ದೂ ನೀವು. ಇನ್ನು ಮುಂದಿನದರಲ್ಲಿ ಮಗನಾಗಿ ಅವರ ಪಾಲು ದೊಡ್ಡದಾಗಲಿ. ವರದಿಗಳು ಬಂದ ಮೇಲೆ ಮತ್ತೆ ಬರೆಯಿರಿ, ಹಿಯರಿಂಗ್ ಏಡ್ ಆಯ್ಕೆಯ ಬಗ್ಗೆ ಆಗ ವಿವರವಾಗಿ ಹೇಳುತ್ತೇನೆ.